ಊದಿದರೆ ನಿಜವಾಗ್ಲೂ ಆರುತ್ತಾ? ಬಿಸಿ ಕಾಫಿ, ಕಡುಬು, ಮುದ್ದೆ ಮತ್ತು ನಮ್ಮ ಉಸಿರು

ಬಿಸಿ ಕಾಫಿ ಕೈಗೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಊದುವುದು. ಹಾಸನ, ಚಿಕ್ಕಮಗಳೂರು ಕಡೆ ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ಎರಡು ವರ್ಷದ ಮಗು ಕೂಡ ಗಂಜಿ ಬಟ್ಟಲು ಕಂಡರೆ ತುಟಿ ಮುಂದೆ ಮಾಡಿ ಉಫ್ ಅನ್ನುತ್ತದೆ. ಆದರೆ ಸ್ವಲ್ಪ ನಿಂತು ಯೋಚನೆ ಮಾಡಿದರೆ ಇದರಲ್ಲಿ ಒಂದು ತೊಡಕು ಕಾಣುತ್ತದೆ.

ನಮ್ಮ ಉಸಿರು ತಣ್ಣಗಿಲ್ಲ. ಬಾಯಿಂದ ಹೊರಗೆ ಬರುವಾಗ ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮಳೆಗಾಲದ ಬೆಳಿಗ್ಗೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಅಡುಗೆಮನೆಯ ಗಾಳಿ 20 ಡಿಗ್ರಿ ಆಸುಪಾಸು ಇರುತ್ತದೆ. ಅಂದರೆ ಸುತ್ತಲಿನ ಗಾಳಿಗಿಂತ ಬಿಸಿಯಾದ ಗಾಳಿಯನ್ನು ನಾವು ಕಾಫಿಯ ಮೇಲೆ ಬಿಡುತ್ತಿದ್ದೇವೆ. ಅದರ ಜೊತೆಗೆ ಉಸಿರು ಪೂರ್ತಿ ತೇವದಿಂದ ತುಂಬಿರುತ್ತದೆ. ಚಳಿಗೆ ಮರಗಟ್ಟಿದ ಅಂಗೈಯನ್ನು ಬೆಚ್ಚಗೆ ಮಾಡಿಕೊಳ್ಳುವುದೂ ಇದೇ ಉಸಿರಿನಿಂದ. ಸೌದೆ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಬೆಂಕಿ ಎಬ್ಬಿಸುವುದೂ ಇದರಿಂದಲೇ. ಬೆಂಕಿ ಎಬ್ಬಿಸುವ ಗಾಳಿ ಕಾಫಿಯನ್ನು ಹೇಗೆ ಆರಿಸುತ್ತದೆ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಊದಿದರೆ ಆರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಉಸಿರಿನ ತಂಪು ಇದಕ್ಕೆ ಮುಖ್ಯ ಕಾರಣವಲ್ಲ. ಕಾಫಿಯಲ್ಲಿರುವ ನೀರು ಆವಿಯಾಗಿ ಹೋಗುವುದು ನಿಜವಾದ ಕಾರಣ. ನಾವು ಊದಿ ಮಾಡುವುದು ಅದಕ್ಕೆ ದಾರಿ ಬಿಡಿಸುವ ಕೆಲಸ ಅಷ್ಟೇ. ಇದು ಗೊತ್ತಾದರೆ ಯಾವುದನ್ನು ಊದಿದರೆ ಬೇಗ ಆರುತ್ತದೆ, ಯಾವುದನ್ನು ಊದಿದರೆ ಸುಮ್ನೆ ಬಾಯಿ ನೋವು ಅನ್ನುವುದೂ ಗೊತ್ತಾಗುತ್ತದೆ.

ನೀರು ಆವಿಯಾಗಲು ಬಹಳ ಶಾಖ ಬೇಕು. ಇದನ್ನು 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದರು. ಒಲೆಯ ಮೇಲೆ ನೀರು ಕುದಿಯಲು ಶುರುವಾದ ಮೇಲೆ ಎಷ್ಟು ಸೌದೆ ಹಾಕಿದರೂ ಅದರ ಬಿಸಿ ಏರುವುದಿಲ್ಲ. ಹಾಕಿದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಲೆಕ್ಕ ನೋಡಿ. ಶಾಖವನ್ನು ಜೂಲ್ ಅನ್ನುವ ಅಳತೆಯಲ್ಲಿ ಎಣಿಸುತ್ತಾರೆ. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಸಾಕು. ಅದೇ 1 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 2,300 ಜೂಲ್ ಬೇಕು. ಐನೂರು ಪಟ್ಟಿಗಿಂತ ಜಾಸ್ತಿ.

ಒಲೆಯಿಂದ ಇಳಿಸಿದ ಕಾಫಿಗೆ ಈ 2,300 ಜೂಲ್ ಎಲ್ಲಿಂದ ಬರಬೇಕು? ಕಾಫಿಯ ಒಳಗಿನಿಂದಲೇ. ಆವಿಯಾಗಿ ಹೋಗುವ ನೀರು ಉಳಿದ ಕಾಫಿಯ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಲೋಟದಲ್ಲಿ 100 ಮಿಲಿ ಕಾಫಿ ಇದೆ ಅಂದುಕೊಳ್ಳಿ. ಅದರಿಂದ ಬರೀ 1 ಗ್ರಾಂ ನೀರು ಆವಿಯಾದರೆ ಉಳಿದದ್ದು ಸುಮಾರು 5 ಡಿಗ್ರಿ ಇಳಿಯುತ್ತದೆ. 80 ಡಿಗ್ರಿಯಿಂದ 60ಕ್ಕೆ ಇಳಿಯಬೇಕಾದರೆ, ಎಲ್ಲವೂ ಆವಿಯಿಂದಲೇ ಆಗುತ್ತದೆ ಅಂತ ಹಿಡಿದರೂ 4 ಗ್ರಾಂ ಸಾಕು. ಅದು ಒಂದು ಟೀ ಚಮಚದಷ್ಟೂ ಇಲ್ಲ. ಲೋಟದ ಕಾಫಿ ಕಡಿಮೆಯಾಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ನಾಲಿಗೆಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮನೆಯಲ್ಲಿ ಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಬಿಸಿ ಕಾಫಿಯ ಲೋಟವನ್ನು ಅದರ ಮೇಲಿಟ್ಟು ನೋಡಿ. ಅಂಕಿ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಆವಿ ತೂಕ ಹೊತ್ತುಕೊಂಡು ಹೋಗುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಹಾಗಾದರೆ ಊದುವುದು ಯಾಕೆ ಬೇಕು, ಆವಿ ತಾನಾಗಿಯೇ ಹೋಗುತ್ತದಲ್ಲ? ಹೋಗುತ್ತದೆ, ಆದರೆ ನಿಧಾನವಾಗಿ. ಕಾಫಿಯ ಮೇಲ್ಮೈಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳು ಪದರ ಇರುತ್ತದೆ. ಅದು ಬಿಸಿಯಾಗಿ, ಆವಿಯಿಂದ ತುಂಬಿ ನಿಂತಿರುತ್ತದೆ. ಕಾಫಿಯಿಂದ ಮೇಲೆದ್ದ ನೀರಿನ ಕಣಗಳಲ್ಲಿ ಬಹಳಷ್ಟು ಅಲ್ಲೇ ಡಿಕ್ಕಿ ಹೊಡೆದು ವಾಪಸ್ ಕಾಫಿಗೇ ಬೀಳುತ್ತವೆ. ಹಾಸನದ ಬಸ್ ನಿಲ್ದಾಣದಲ್ಲಿ ಬಸ್ ಬಂದಾಗ ಹತ್ತುವವರು ಬಾಗಿಲಿಗೇ ಮುತ್ತಿಕೊಂಡು ನಿಂತರೆ ಇಳಿಯುವವರ ಗತಿ ಏನಾಗುತ್ತದೋ ಇದೂ ಹಾಗೆಯೇ. ಬಾಗಿಲು ಖಾಲಿಯಾದರೆ ಇಳಿಯುವುದು ಸಲೀಸು. ನಾವು ಊದಿದಾಗ ಆ ತುಂಬಿದ ಪದರ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಗೆ ಹೊಸ ಗಾಳಿ ಬರುತ್ತದೆ. ಮೇಲೆದ್ದ ಕಣಗಳು ಹೊರಟೇ ಹೋಗುತ್ತವೆ. ಆ ಪದರದ ಬಿಸಿಯೂ ಜೊತೆಗೆ ಹೋಗುತ್ತದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕಾಫಿಯ ಮೇಲೆ ಬೆಳ್ಳಗೆ ಸುಳಿಯುತ್ತದಲ್ಲ, ಅದು ಆವಿ ಅಲ್ಲ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೋದ ಆವಿ ತಣ್ಣನೆ ಗಾಳಿಗೆ ಸಿಕ್ಕಿ ಮತ್ತೆ ಚಿಕ್ಕ ಚಿಕ್ಕ ನೀರ ಹನಿಯಾಗುತ್ತದೆ. ನಾವು ಹಬೆ ಅಂತ ನೋಡುವುದು ಆ ಹನಿಗಳನ್ನು. ಅದಕ್ಕೇ ಡಿಸೆಂಬರ್ ಚಳಿಯಲ್ಲಿ ಕಾಫಿ ಹೊಗೆಯಾಡುವಷ್ಟು ಏಪ್ರಿಲ್ ಮಧ್ಯಾಹ್ನ ಹೊಗೆಯಾಡುವುದಿಲ್ಲ. ಬಿಸಿ ಒಂದೇ ಇದ್ದರೂ ಕಾಣುವುದು ಬೇರೆ. ಹಬೆ ಕಾಣುತ್ತಿಲ್ಲ ಅಂತ ಗುಟುಕರಿಸಿ ನಾಲಿಗೆ ಸುಟ್ಟುಕೊಳ್ಳುವವರು ಬೇಸಿಗೆಯಲ್ಲಿ ಜಾಸ್ತಿ ಇರಬೇಕು.

ಈಗ ಮಲೆನಾಡಿನವರಿಗೆ ಸಹಜವಾಗಿ ಬರುವ ಒಂದು ಪ್ರಶ್ನೆ. ಜುಲೈನಲ್ಲಿ ನಮ್ಮ ಕಡೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಗಾಳಿಯೇ ಅಷ್ಟು ತೇವ. ಆವಿಯಾಗಿಯೇ ಕಾಫಿ ಆರಬೇಕಾದರೆ ಮಳೆಗಾಲದಲ್ಲಿ ಅದು ಆರಲೇಬಾರದಲ್ಲ? ಆದರೆ ಆರುತ್ತದೆ. ಯಾಕೆ?

ಬಿಸಿ ಹೆಚ್ಚಿದಂತೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ವಿಪರೀತ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಇರಬಹುದು. ನಮ್ಮ ಉಸಿರಿನ 34 ಡಿಗ್ರಿಯಲ್ಲಿ ಸುಮಾರು 38 ಗ್ರಾಂ. 60 ಡಿಗ್ರಿಯಲ್ಲಿ 130 ಗ್ರಾಂ. 80 ಡಿಗ್ರಿಯಲ್ಲಿ 290 ಗ್ರಾಂ. ಕಾಫಿಯ ಮೈಗೆ ತಾಗಿದ ಪದರದಲ್ಲಿ ಈ 290 ಗ್ರಾಂ ಲೆಕ್ಕದ ಆವಿ ಇದೆ. ಸುತ್ತಲಿನ ಗಾಳಿ ಮಳೆಯಿಂದ ಪೂರ್ತಿ ನೆನೆದಿದ್ದರೂ ಅಲ್ಲಿರುವುದು 17 ಗ್ರಾಂ ಮಾತ್ರ. ಆವಿ ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಓಡುತ್ತದೆ. ಆಷಾಢದ ಗಾಳಿ ಕೂಡ ಬಿಸಿ ಕಾಫಿಯ ಲೆಕ್ಕದಲ್ಲಿ ಒಣಗಾಳಿಯೇ. ಹಗ್ಗದ ಮೇಲಿನ ಬಟ್ಟೆ ಸುತ್ತಲಿನ ಗಾಳಿಯಷ್ಟೇ ತಣ್ಣಗಿದೆ. ಅದರ ಮೈ ಹತ್ತಿರವೂ 17 ಗ್ರಾಂ, ಸುತ್ತಲೂ 17 ಗ್ರಾಂ. ಓಡುವ ಮಾತೇ ಇಲ್ಲ, ಅದಕ್ಕೆ ಒಣಗುವುದಿಲ್ಲ.

ಉಸಿರಿನ ತೇವದ ಅನುಮಾನವೂ ಇಲ್ಲೇ ಬಗೆಹರಿಯುತ್ತದೆ. ಉಸಿರು ನಮಗೆ ತೇವ, ಕಾಫಿಗೆ ಒಣಗಿದ್ದು. 290ರ ಮುಂದೆ 38 ಏನೂ ಅಲ್ಲ.

ಆದರೆ ಕಾಫಿಗೆ ತಲುಪುವುದು ಬರೀ ನಮ್ಮ ಉಸಿರೂ ಅಲ್ಲ. ಈಗಲೇ ಒಮ್ಮೆ ನಿಮ್ಮ ಅಂಗೈಯನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಬಾಯಿ ಅಗಲಿಸಿ ಹಾ ಅನ್ನಿ. ಬೆಚ್ಚಗಿರುತ್ತದೆ. ಈಗ ತುಟಿ ಕಿರಿದು ಮಾಡಿ ಫೂ ಅಂತ ಊದಿ. ತಣ್ಣಗಿರುತ್ತದೆ. ಗಾಳಿ ಅದೇ ಶ್ವಾಸಕೋಶದ್ದು, ಬಿಸಿಯೂ ಅದೇ. ತುಟಿ ಕಿರಿದು ಮಾಡಿದಾಗ ಗಾಳಿ ಒತ್ತಡದಿಂದ ಹೊರಗೆ ಬಂದು ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ ಅಂತ ಕೆಲವರು ವಿವರಣೆ ಕೊಡುತ್ತಾರೆ. ಕೇಳಲು ಸರಿಯಾಗಿದೆ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ನಾವು ಊದುವಾಗ ಬಾಯೊಳಗೆ ಏಳುವ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಶೇ 1ರಷ್ಟು ಹೆಚ್ಚು ಅಂತ ಹಿಡಿದರೂ ಅದರಿಂದ ಇಳಿಯುವ ಬಿಸಿ 1 ಡಿಗ್ರಿಯ ಒಳಗೆ. ಕೈಗೆ ತಿಳಿಯುವಷ್ಟು ತಂಪು ಅದರಿಂದ ಬರಲಾರದು.

ನಿಜವಾಗಿ ಆಗುವುದು ಬೇರೆ. ಕಿರಿದಾದ ತುಟಿಯಿಂದ ವೇಗವಾಗಿ ಹೊರಟ ಗಾಳಿ ಅಕ್ಕಪಕ್ಕದ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗೇಣು ದೂರ ಹೋಗುವಷ್ಟರಲ್ಲಿ ಒಂದು ಪಾಲು ಉಸಿರಿಗೆ ಮೂರು ಪಾಲಾದರೂ ಕೋಣೆಯ ಗಾಳಿ ಸೇರಿರುತ್ತದೆ. 34 ಡಿಗ್ರಿಯ ಒಂದು ಪಾಲು, 22 ಡಿಗ್ರಿಯ ಮೂರು ಪಾಲು. ಸೇರಿಸಿದರೆ 25 ಡಿಗ್ರಿ. ತಟ್ಟೆಗೆ ತಲುಪುವುದು ಹೆಚ್ಚಾಗಿ ನಮ್ಮ ಅಡುಗೆಮನೆಯ ಗಾಳಿ, ಉಸಿರು ಅದನ್ನು ಕರೆದುಕೊಂಡು ಹೋಗಿದೆ. ಬಾಯಿ ಅಗಲಿಸಿ ಹಾ ಅಂದಾಗ ಗಾಳಿ ನಿಧಾನ, ಅಗಲ ಜಾಸ್ತಿ. ಅಷ್ಟು ಹತ್ತಿರದಲ್ಲಿ ಸುತ್ತಲಿನ ಗಾಳಿ ಅದರೊಳಗೆ ಹೆಚ್ಚು ಬೆರೆಯುವುದಿಲ್ಲ. ಹಾಗಾಗಿ ಬಿಸಿ ಹಾಗೇ ಉಳಿಯುತ್ತದೆ.

ಇದರಿಂದ ಒಂದು ಉಪಯೋಗವಿದೆ. ಚಮಚಕ್ಕೆ ಬಾಯಿ ತಾಗಿಸಿದಷ್ಟು ಹತ್ತಿರ ಊದುವುದಕ್ಕಿಂತ ಸ್ವಲ್ಪ ದೂರ ಹಿಡಿದು, ತುಟಿ ಕಿರಿದು ಮಾಡಿ ಊದುವುದು ಮೇಲು. ಬಹಳ ದೂರ ಹೋದರೆ ವೇಗ ಸತ್ತುಹೋಗುತ್ತದೆ, ಅದೂ ಪ್ರಯೋಜನವಿಲ್ಲ. ಒಲೆಯ ಮುಂದಿನ ಊದುಗೊಳವೆಗೂ ಇದೇ ನಿಯಮ. ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಕಡಿಮೆ. ಹೊರಗಿನ ಗಾಳಿಯಲ್ಲಿ ಶೇ 21 ಇದ್ದರೆ ಅದರಲ್ಲಿ ಸುಮಾರು ಶೇ 16. ಅಷ್ಟಾದರೂ ಕೆಂಡ ಎದ್ದು ಉರಿಯುವುದು ಗಾಳಿ ಕೆಂಡದ ಮೇಲಿನ ಬೂದಿ, ಹೊಗೆಯನ್ನು ತಳ್ಳಿ, ಸುತ್ತಲಿನ ಹೊಸ ಗಾಳಿಯನ್ನೂ ಎಳೆದುಕೊಂಡು ಒಳಗೆ ಹೋಗುವುದರಿಂದ. ಕೆಂಡಕ್ಕೆ ಹೊಸ ಗಾಳಿ ಸಿಕ್ಕರೆ ಉರಿಯುತ್ತದೆ. ಕಾಫಿಯಲ್ಲಿ ಉರಿಯುವಂಥದ್ದೇನೂ ಇಲ್ಲ, ಹಾಗಾಗಿ ಆರುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಆರುವ ವೇಗದ ಬಗ್ಗೆ ಮೊದಲು ಲೆಕ್ಕ ಬರೆದವರು ಐಸಾಕ್ ನ್ಯೂಟನ್. 1701ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಹೆಸರು ಹಾಕದೆ ಒಂದು ಲೇಖನ ಪ್ರಕಟಿಸಿದರು. ವಸ್ತುವಿಗೂ ಸುತ್ತಲಿಗೂ ಬಿಸಿಯ ಅಂತರ ಜಾಸ್ತಿ ಇದ್ದಷ್ಟೂ ಅದು ಬೇಗ ಆರುತ್ತದೆ ಅನ್ನುವುದು ಅದರ ಸಾರ. ಕಾಯಿಸಿದ ಕಬ್ಬಿಣವನ್ನು ಅವರು ನಿಂತ ಗಾಳಿಯಲ್ಲಿ ಇಡಲಿಲ್ಲ. ಒಂದೇ ಸಮನೆ ಬೀಸುವ ಗಾಳಿಯಲ್ಲಿ ಇಟ್ಟರು. ಬಿಸಿಯಾದ ಗಾಳಿ ಸರಿದು, ಅದರ ಜಾಗಕ್ಕೆ ತಣ್ಣನೆ ಗಾಳಿ ಬರುತ್ತಲೇ ಇರಬೇಕು ಅನ್ನುವುದು ಅವರ ಉದ್ದೇಶವಾಗಿತ್ತು. ಊದುವುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಊದುವುದರ ಫಲ ಶುರುವಿನಲ್ಲಿ ಜಾಸ್ತಿ, ಹೋಗ್ತಾ ಹೋಗ್ತಾ ಕಡಿಮೆ. 80 ಡಿಗ್ರಿಯ ಕಾಫಿಗೂ ನಾವು ಊದಿದ ಬೆರಕೆ ಗಾಳಿಗೂ ಆವಿಯ ಅಂತರ ಘನ ಮೀಟರಿಗೆ ಸುಮಾರು 270 ಗ್ರಾಂ. ಕಾಫಿ 40 ಡಿಗ್ರಿಗೆ ಬಂದಾಗ ಆ ಅಂತರ ಸುಮಾರು 30 ಗ್ರಾಂ. ಒಂಬತ್ತನೇ ಒಂದು ಭಾಗ. ಉಗುರುಬೆಚ್ಚಗಿನ ಹಾಲನ್ನು ಊದಿ ಊದಿ ತಣ್ಣಗೆ ಮಾಡಲು ಹೋಗುವುದು ವ್ಯರ್ಥ. ಅಲ್ಲಿ ನೀರಿನ ಬೋಗುಣಿಯಲ್ಲಿ ಪಾತ್ರೆ ಇಡುವುದೇ ಸರಿ.

ಇನ್ನು ಲೋಟ, ದಬರಿಯ ವಿಷಯ. ಎತ್ತಿ ಹೊಯ್ಯುವುದು ನೊರೆಗಾಗಿ ಅಂತ ಎಲ್ಲರೂ ಹೇಳುತ್ತಾರೆ. ನೊರೆ ಬರುವುದು ನಿಜ. ಆದರೆ ಶಾಖದ ಲೆಕ್ಕದಲ್ಲಿ ಅದು ಊದುವುದಕ್ಕಿಂತ ಬಹಳ ದೊಡ್ಡ ಕೆಲಸ. ಮೊದಲ ಸಲ ಹೊಯ್ದಾಗ ತಣ್ಣಗಿದ್ದ ದಬರಿ ತಾನೇ ಶಾಖ ಹೀರುತ್ತದೆ. 120 ಗ್ರಾಂ ತೂಕದ ಸ್ಟೀಲ್ ದಬರಿ 25 ಡಿಗ್ರಿಯಿಂದ 65ಕ್ಕೆ ಏರಿದರೆ 120 ಮಿಲಿ ಕಾಫಿ ಸುಮಾರು 5 ಡಿಗ್ರಿ ಇಳಿಯುತ್ತದೆ. ಒಂದೇ ಹೊಯ್ತದಲ್ಲಿ! ಎರಡನೇ ಸಲ ದಬರಿ ಬಿಸಿಯಾಗಿಬಿಟ್ಟಿರುತ್ತದೆ, ಆ ಲಾಭ ಇಲ್ಲ. ಆಮೇಲಿನ ಕೆಲಸವೆಲ್ಲ ಗಾಳಿಯದ್ದು. ಮೇಲಿಂದ ಇಳಿಯುವ ಧಾರೆಗೆ ಸುತ್ತಲೂ ಮೈ ತೆರೆದಿರುತ್ತದೆ. ಲೋಟದಲ್ಲಿ ಕೆಳಗೆ ಅಡಗಿದ್ದ ಬಿಸಿ ಕಾಫಿಯೂ ಗಾಳಿಗೆ ಬರುತ್ತದೆ. ನಾವು ಊದಿದರೆ ಮೇಲಿನ ಮೈ ಮಾತ್ರ ಆರುತ್ತದೆ, ಹೊಯ್ದರೆ ಇಡೀ ಕಾಫಿ ಆರುತ್ತದೆ.

ಸಾಸರಿಗೆ ಬಗ್ಗಿಸಿ ಕುಡಿಯುವ ಹಿರಿಯರನ್ನು ನೋಡಿ ನಗುವವರಿದ್ದಾರೆ. ನಗಬಾರದು. ಬಾಯಿ 6 ಸೆಂಟಿಮೀಟರ್ ಇರುವ ಲೋಟದಲ್ಲಿ ಗಾಳಿಗೆ ತೆರೆದ ಮೈ ಸುಮಾರು 28 ಚದರ ಸೆಂಟಿಮೀಟರ್. ಅದೇ ಕಾಫಿ 12 ಸೆಂಟಿಮೀಟರ್ ಅಗಲಕ್ಕೆ ಹರಡಿದರೆ 113 ಚದರ ಸೆಂಟಿಮೀಟರ್. ನಾಲ್ಕು ಪಟ್ಟು. ಆಳ ಒಂದು ಸೆಂಟಿಮೀಟರಿನ ಒಳಗೆ. ಮೇಲಿಂದ ಊದಿದರೂ ತಳದವರೆಗೆ ಆರುತ್ತದೆ. ಕಾಫಿ ತೋಟದ ಕಣದಲ್ಲಿ ಹಣ್ಣನ್ನು ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ ಒಣಗಿಸುವುದೂ ಇದೇ ತಿಳಿವಳಿಕೆಯಿಂದ. ತೆಳ್ಳಗಿರಬೇಕು, ಗಾಳಿಯಾಡಬೇಕು, ಅಡಿಯದ್ದು ಮೇಲೆ ಬರಬೇಕು.

ನೊರೆಗೆ ಇನ್ನೊಂದು ಮುಖವೂ ಇದೆ. ಹೊಯ್ಯುವಾಗ ಕಾಫಿ ಆರುತ್ತದೆ. ಆದರೆ ಹೊಯ್ದಾದ ಮೇಲೆ ನಿಂತ ನೊರೆ ಉಳಿದ ಬಿಸಿಯನ್ನು ಕಾಪಾಡುತ್ತದೆ. ನೊರೆ ಅಂದರೆ ಬಹುಪಾಲು ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ಆವಿಗೂ ದಾರಿ ಬಿಡುವುದಿಲ್ಲ. ನೊರೆಗಾಫಿಯನ್ನು ಊದುವಾಗ ನಾವು ಮೊದಲು ನೊರೆಯನ್ನು ಆಚೆ ದಡಕ್ಕೆ ತಳ್ಳುತ್ತೇವೆ, ಗಮನಿಸಿದ್ದೀರಾ? ಮೈ ತೆರೆದ ಮೇಲೆಯೇ ಊದಿದ್ದಕ್ಕೆ ಫಲ. ಹಾಲಿನ ಕೆನೆಯೂ ಹಾಗೆಯೇ. ಕೆನೆ ಕಟ್ಟಿದ ಹಾಲು ಒಳಗೆ ಸುಡುತ್ತಲೇ ಇರುತ್ತದೆ. ಮಲೆನಾಡಿನ ಹಳೆ ಮನೆಗಳ ಹಾಲಿಲ್ಲದ ಬೆಲ್ಲದ ಕಾಫಿಗೆ ಈ ತೊಂದರೆ ಇಲ್ಲ. ಕೆನೆ ಇಲ್ಲ, ನೊರೆಯೂ ಕಡಿಮೆ. ಊದಿದ್ದು ನೇರವಾಗಿ ತಾಗುತ್ತದೆ.

ಸಾರಿನ ಮೇಲೆ ತುಪ್ಪ ತೇಲುತ್ತಿದ್ದರೆ ಎಚ್ಚರ. ಕೋಳಿ ಸಾರಿನ ಮೇಲಿನ ಎಣ್ಣೆ ಪಸೆಗೂ ಇದೇ ಮಾತು. ಎಣ್ಣೆ, ತುಪ್ಪ ಊಟದ ಬಿಸಿಗೆ ಆವಿಯಾಗುವುದಿಲ್ಲ. ಅದು ನೀರಿನ ಮೇಲೆ ಮುಚ್ಚಳ ಹಾಕಿದಂತೆ ಹರಡಿಕೊಂಡರೆ ಕೆಳಗಿನ ನೀರು ಆವಿಯಾಗಲು ಜಾಗವೇ ಇಲ್ಲ. ಹಬೆಯೂ ಏಳುವುದಿಲ್ಲ. ನೋಡಲು ಆರಿದಂತೆ ಇರುತ್ತದೆ, ಬಾಯಿಗಿಟ್ಟರೆ ಗೊತ್ತಾಗುತ್ತದೆ. ಇಂಥ ಸಾರನ್ನು ಮೇಲಿಂದ ಊದುವುದಕ್ಕಿಂತ ಸೌಟಿನಲ್ಲಿ ಕಲಕಿ, ಚಮಚಕ್ಕೆ ತೆಗೆದುಕೊಂಡು ಊದಬೇಕು. ಊದುವುದಕ್ಕೆ ಚಮಚದಷ್ಟು ಒಳ್ಳೆ ಜಾಗ ಬೇರೆ ಇಲ್ಲ. 10 ಮಿಲಿ ಸಾರು 80ರಿಂದ 60ಕ್ಕೆ ಇಳಿಯಲು ಅರ್ಧ ಗ್ರಾಂ ನೀರೂ ಆವಿಯಾಗಬೇಕಿಲ್ಲ.

ತೆಳು ಸಾರು, ಕಾಫಿಗೆ ಇನ್ನೊಂದು ಅನುಕೂಲವಿದೆ. ಮೇಲಿನದು ಆರಿದರೆ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ಬಿಸಿ ಮೇಲೆ ಬರುತ್ತದೆ. ತಾನೇ ಕಲಕಿಕೊಳ್ಳುತ್ತದೆ. ಗಂಜಿ, ಪಾಯಸ, ಗಟ್ಟಿ ಹುರುಳಿ ಕಟ್ಟು ಹೀಗೆ ಹರಿದಾಡುವುದಿಲ್ಲ. ಅವನ್ನು ಕೈಯಾಡಿಸದೆ ಊದಿದರೆ ಮೇಲೆ ಒಂದು ಚರ್ಮ ಕಟ್ಟುತ್ತದೆ ಅಷ್ಟೇ.

ಕಡುಬು, ಮುದ್ದೆಗೆ ಬಂದರೆ ಊದುವುದು ಸೋಲುತ್ತದೆ. ಹಬೆಯಿಂದ ಇಳಿಸಿದ ಅಕ್ಕಿ ಕಡುಬಿನ ಮೇಲ್ಮೈ ಒದ್ದೆ. ಊದಿದರೆ ಅದು ನಿಮಿಷದೊಳಗೆ ಆರುತ್ತದೆ, ಕೈಯಲ್ಲಿ ಹಿಡಿಯಬಹುದು. ಆದರೆ ಒಳಗೆ? ಒಳಗಿನ ಶಾಖ ಹಿಟ್ಟಿನ ಮೂಲಕ ಇಂಚಿಂಚಾಗಿ ದಾಟಿ ಹೊರಗೆ ಬರಬೇಕು. ನೀರು ಹರಿದಾಡುವಂತೆ ಹಿಟ್ಟು ಹರಿದಾಡುವುದಿಲ್ಲ. ಇಲ್ಲೊಂದು ನಿಯಮವಿದೆ. ದಪ್ಪ ಎರಡರಷ್ಟಾದರೆ ನಡುಭಾಗ ಆರಲು ಬೇಕಾದ ಹೊತ್ತು ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಹೊರಗೆ ಎಷ್ಟೇ ಜೋರಾಗಿ ಊದಿದರೂ ಒಳಗಿನ ಶಾಖದ ನಡಿಗೆ ಬದಲಾಗುವುದಿಲ್ಲ. ಹಾಗಾಗಿ ಕಡುಬನ್ನು ಊದಬೇಡಿ, ಮುರಿಯಿರಿ. ಎರಡು ಹೋಳು ಮಾಡಿದ ಕೂಡಲೇ ಹೊಸ ಒದ್ದೆ ಮೈ ಗಾಳಿಗೆ ತೆರೆದುಕೊಳ್ಳುತ್ತದೆ, ಗಪ್ ಅಂತ ಹಬೆ ಏಳುತ್ತದೆ. ಆ ಹಬೆಯ ಜೊತೆಗೆ ಹೋಗುವ ಶಾಖ ಹೊರಗಿಂದ ಎಷ್ಟು ಊದಿದರೂ ಹೋಗುತ್ತಿರಲಿಲ್ಲ. ಅಕ್ಕಿ ರೊಟ್ಟಿಗೆ ಈ ಕಷ್ಟವಿಲ್ಲ. ತೆಳ್ಳಗಿದೆ, ಕಾವಲಿಯಿಂದ ತೆಗೆದು ನಾಲ್ಕು ಸಲ ಬೀಸಿದರೆ ಆರಿಹೋಗುತ್ತದೆ. ಆರಿದರೆ ಗಟ್ಟಿಯೂ ಆಗುತ್ತದೆ, ಅದು ಬೇರೆ ಮಾತು.

ಮುದ್ದೆಯಲ್ಲಿ ಹಿಟ್ಟಿಗಿಂತ ನೀರೇ ಜಾಸ್ತಿ. ನೀರು ಶಾಖವನ್ನು ಬಹಳ ಹಿಡಿದಿಟ್ಟುಕೊಳ್ಳುವ ವಸ್ತು. ಅದಕ್ಕೆ ಉಂಡೆ ಕಟ್ಟಿದ ಮುದ್ದೆ ಅರ್ಧ ಊಟವಾದರೂ ನಡುವೆ ಬಿಸಿಯಾಗಿಯೇ ಇರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆ ಉಣ್ಣುವವರು ಅಂಚಿನಿಂದ ಚಿಕ್ಕದಾಗಿ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಡುತ್ತಾರೆ. ಅಂಚು ತೆಳ್ಳಗೆ, ತುತ್ತು ಚಿಕ್ಕದು. ಶಾಖದ ಲೆಕ್ಕಕ್ಕೆ ಅದು ನೂರಕ್ಕೆ ನೂರು ಸರಿ. ಆದರೆ ಮುದ್ದೆಯನ್ನು ಅಗಿಯದೆ ನುಂಗುತ್ತಾರೆ, ಬಾಯಲ್ಲಿ ಅದು ನಿಲ್ಲುವುದೇ ಕಡಿಮೆ. ನಾಲಿಗೆ ಬಿಸಿಯನ್ನು ಸರಿಯಾಗಿ ಅಳೆಯುವ ಮೊದಲೇ ತುತ್ತು ಗಂಟಲಿನಲ್ಲಿರುತ್ತದೆ. ಮಕ್ಕಳಿಗೆ ಮುದ್ದೆ ಅಭ್ಯಾಸ ಮಾಡಿಸುವಾಗ ಇದನ್ನು ನೆನಪಿಡಬೇಕು. ತುತ್ತನ್ನು ಸಾರಿನಲ್ಲಿ ಅದ್ದುವ ಮೊದಲು ತಟ್ಟೆಯ ಮೇಲೆ ಚಪ್ಪಟೆ ಮಾಡಿ ಬಿಟ್ಟರೆ ಸಾಕು.

ಎತ್ತರದ ಊರಿನವರಿಗೆ ಒಂದು ಚಿಕ್ಕ ರಿಯಾಯಿತಿ ಇದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಅಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಸನದಲ್ಲಿ ಸುಮಾರು 97. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಕಾಫಿ ಕಾಯಿಸಿದರೆ 94ರ ಒಳಗೇ ಕುದಿ ಬರುತ್ತದೆ. ಮಂಗಳೂರಿನ ಕಾಫಿಗಿಂತ ನಾಲ್ಕಾರು ಡಿಗ್ರಿ ಕಡಿಮೆಯಿಂದಲೇ ಆರಲು ಶುರು. ಆದರೆ ನಾಲಿಗೆಗೆ 94 ಆದರೇನು, 100 ಆದರೇನು, ಎರಡೂ ಸುಡುತ್ತವೆ.

ಊದಿದರೂ ಆರದ ಒಂದು ಬಿಸಿ ಇದೆ. ಅದು ಮೆಣಸಿನದು. ನಾಲಿಗೆಯ ನರಗಳಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಪ್ರೋಟೀನ್ ಇದೆ. ಬಿಸಿ ಸುಮಾರು 43 ಡಿಗ್ರಿ ದಾಟಿದರೆ ಅದು ಸುಡುತ್ತಿದೆ ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಅದೇ ಪ್ರೋಟೀನ್ ಮೆಣಸಿನಕಾಯಿಯ ಖಾರಕ್ಕೂ ಎಚ್ಚೆತ್ತುಕೊಳ್ಳುತ್ತದೆ. 1997ರಲ್ಲಿ ಇದನ್ನು ಪತ್ತೆ ಮಾಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ತೋಟದ ಕಾಳುಮೆಣಸಿನ ಖಾರವೂ ಇದೇ ಬಾಗಿಲು ತಟ್ಟುತ್ತದೆ. ಖಾರ ತಾಗಿದ ಮೇಲೆ ಕಡಿಮೆ ಬಿಸಿಗೂ ಅದು ಕೂಗಿಕೊಳ್ಳುತ್ತದೆ. ಹಾಗಾಗಿ ಕಾಳುಮೆಣಸಿನ ಸಾರು ಅಷ್ಟೇ ಬಿಸಿಯ ಬೇಳೆ ತಿಳಿಸಾರಿಗಿಂತ ಜಾಸ್ತಿ ಸುಟ್ಟಂತೆ ಅನಿಸುತ್ತದೆ. ನೆಗಡಿಯಾದಾಗ ಮೆಣಸಿನ ಸಾರು ಕುಡಿಯುವವರು ಇದನ್ನು ಚೆನ್ನಾಗಿ ಬಲ್ಲರು. ಎಷ್ಟು ಊದಿದರೂ ಬಿಸಿ ಇಳಿಯುತ್ತದೆ, ಖಾರ ಇಳಿಯುವುದಿಲ್ಲ.

ಸೊರ್ ಅಂತ ಸದ್ದು ಮಾಡಿ ಕುಡಿಯುವುದನ್ನೂ ಇಲ್ಲೇ ಹೇಳಬೇಕು. ಸಭ್ಯತೆ ಅಲ್ಲ ಅಂತ ಬೈಸಿಕೊಳ್ಳುವ ಈ ಅಭ್ಯಾಸಕ್ಕೆ ಒಳ್ಳೆ ಕಾರಣವಿದೆ. ಹಾಗೆ ಎಳೆದುಕೊಂಡಾಗ ಕಾಫಿಯ ಜೊತೆ ಗಾಳಿಯೂ ಒಳಗೆ ನುಗ್ಗುತ್ತದೆ. ಕಾಫಿ ತೆಳ್ಳಗೆ ಹರಡಿ, ತುಟಿ ದಾಟುವಷ್ಟರಲ್ಲೇ ಸ್ವಲ್ಪ ಆರುತ್ತದೆ. ನಾಲಿಗೆ 43 ಡಿಗ್ರಿಗೇ ಉರಿ ಅನ್ನುತ್ತದೆ, ಆದರೂ ನಾವು 60 ಡಿಗ್ರಿಯ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯಬಲ್ಲೆವು. ಅದರ ಹಿಂದೆ ಈ ಗಾಳಿಯ ಪಾಲೂ ಇದೆ, ಗುಟುಕು ಚಿಕ್ಕದಾಗಿರುವುದರ ಪಾಲೂ ಇದೆ.

ಆರಿಸಿ ಕುಡಿಯುವುದು ಬರೀ ನಾಲಿಗೆಯ ಸುಖಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಒಂದು ತೀರ್ಮಾನ ಪ್ರಕಟಿಸಿತು. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದಿತು. ಅದೇ ವರದಿಯಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಯಿಂದ ಕೆಳಗಿಳಿಸಿತು. 1991ರಲ್ಲಿ ಕಾಫಿಯೇ ಮೂತ್ರಕೋಶದ ಕ್ಯಾನ್ಸರ್ ತರಬಹುದು ಅಂತ ಶಂಕಿಸಲಾಗಿತ್ತು. ತೊಂದರೆ ಇರುವುದು ಕುಡಿಯುವ ಬಿಸಿಯಲ್ಲಿ. ಕಾಫಿ ಬೆಳೆಯುವ ಜಿಲ್ಲೆಯವರಿಗೆ ಇದು ನೆಮ್ಮದಿಯ ಸುದ್ದಿ, ಎಚ್ಚರಿಕೆಯೂ ಹೌದು. ಬೆಂಕಿಯಂಥ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸುವುದನ್ನು ಶೌರ್ಯ ಅಂದುಕೊಂಡವರು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ಇದನ್ನು ಕಳಕಳಿಯಿಂದಲೇ ಹೇಳುತ್ತಿದ್ದೇನೆ. ಎರಡು ಸಲ ಹೊಯ್ದು, ಎರಡು ನಿಮಿಷ ಬಿಟ್ಟು ಕುಡಿಯಿರಿ.

ಕೊನೆಗೆ ಎಂಜಲಿನ ಮಾತು. ಬೇರೆಯವರ ಊಟಕ್ಕೆ ಊದಬಾರದು, ಎಂಜಲಾಗುತ್ತದೆ ಅಂತ ಮನೆಯ ಹಿರಿಯರು ಹೇಳುತ್ತಾರೆ. ಅದರಲ್ಲಿ ಹುರುಳಿದೆ. ಊದುವಾಗ ಉಸಿರಿನ ಜೊತೆ ಎಂಜಲಿನ ಸಣ್ಣ ಹನಿಗಳೂ ಹಾರುತ್ತವೆ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಊದಿ ಆರಿಸಿದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡಿದರು. ಮೇಲಿನ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಶೇ 1,400ರಷ್ಟು ಹೆಚ್ಚಿತ್ತು. ಆರೋಗ್ಯವಾಗಿರುವ ದೊಡ್ಡವರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚಿಕ್ಕ ಮಕ್ಕಳ ವಿಷಯ ಬೇರೆ. ಹಲ್ಲಿನ ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನಿಂದ ಮಕ್ಕಳ ಬಾಯಿಗೆ ದಾಟುತ್ತದೆ. ಮನೆಯಲ್ಲಿ ನೆಗಡಿ, ಜ್ವರ ಇದ್ದಾಗಲಂತೂ ಮಗುವಿನ ತುತ್ತಿಗೆ ಊದಲೇಬಾರದು. ಗಂಜಿಯನ್ನು ಬಟ್ಟಲಿನಿಂದ ಅಗಲವಾದ ತಟ್ಟೆಗೆ ಹರಡಿ, ಚಮಚದಲ್ಲಿ ಗೆರೆ ಎಳೆದು, ಬೀಸಣಿಗೆಯಲ್ಲೋ ರಟ್ಟಿನಲ್ಲೋ ಬೀಸಿ. ಉಸಿರು ಮಾಡುವ ಕೆಲಸವನ್ನೇ ಬೀಸಣಿಗೆ ಮಾಡುತ್ತದೆ. ಬೀಸಿದ್ದು 34 ಡಿಗ್ರಿಯ ತೇವದ ಗಾಳಿಯೂ ಅಲ್ಲ, ಕೋಣೆಯದ್ದೇ ಗಾಳಿ, ಹಾಗಾಗಿ ಇನ್ನೂ ಬೇಗ ಆರುತ್ತದೆ. ಅಂಚಿನಿಂದ ತಿನ್ನಿಸುತ್ತಾ ಬಂದರೆ ನಡುವಿನದು ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಕೊಡುವ ಮೊದಲು ಒಂದು ಹನಿ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಾಕಿ ನೋಡಿ. ಅಲ್ಲಿ ಬೆಚ್ಚಗೆ ಅನಿಸಿದರೆ ಮಗುವಿನ ಬಾಯಿಗೆ ಸರಿ, ಚುರ್ ಅಂದರೆ ಇನ್ನೂ ಸ್ವಲ್ಪ ಬೀಸಬೇಕು.